ಸೈನಿಕ ಇತಿಹಾಸದ ವಸ್ತುಸಂಗ್ರಹಾಲಯ ಮತ್ತು ಮೌಖಿಕ ಪರಂಪರೆ: ಶ್ರೀರಂಗಪಟ್ಟಣದ ವಸ್ತುಗಳ ಮರುಜೋಡಣೆಯ ಪ್ರಶ್ನೆ

ವಸಾಹತುಶಾಹಿ ಕಾಲದ ಯುದ್ಧಗಳನ್ನು ಕುರಿತ ವಸ್ತುಸಂಗ್ರಹಾಲಯಗಳಲ್ಲಿ ನಾವು ಗಾಜಿನ ಹಿಂದೆ ನೋಡುವ ಅನೇಕ ವಸ್ತುಗಳು ಮೊದಲು ಸೇರಿದ್ದು ಒಂದು ಪಟ್ಟಿಗೆ. ಕೋಟೆ ಬಿದ್ದ ಮೇಲೆ ಗೆದ್ದ ಸೈನ್ಯದ ಅಧಿಕಾರಿಗಳು ಕೂತು ಬರೆದ, ಬೆಲೆ ಕಟ್ಟಿದ, ಪಾಲು ಹಂಚಿದ ಪಟ್ಟಿ ಅದು. ಖಡ್ಗ, ಪದಕ, ಬಾವುಟ, ಸಿಂಹಾಸನದ ಚೂರು ಇವೆಲ್ಲ ಆ ಪಟ್ಟಿಯಿಂದ ಮನೆತನಗಳ ಸಂಗ್ರಹಕ್ಕೆ, ಅಲ್ಲಿಂದ ವಸ್ತುಸಂಗ್ರಹಾಲಯಕ್ಕೆ ಬಂದವು. ಈಚಿನ ಎರಡು ದಶಕಗಳಲ್ಲಿ ಇಂಥ ಸಂಗ್ರಹಾಲಯಗಳನ್ನು ಹೊಸದಾಗಿ ಜೋಡಿಸಬೇಕೆಂಬ ಮಾತು ಇಂಗ್ಲೆಂಡಿನಲ್ಲೂ ನಮ್ಮಲ್ಲೂ ಕೇಳಿಬರುತ್ತಿದೆ. ದೀಪ ಬದಲಾಯಿಸುವುದು, ಫಲಕಗಳ ಅಕ್ಷರ ದೊಡ್ಡದು ಮಾಡುವುದು, ಪರದೆಯ ಮೇಲೆ ಚಿತ್ರ ಓಡಿಸುವುದು ಇವು ಅಗತ್ಯವಾದ ಕೆಲಸಗಳೇ. ಆದರೆ ಪಟ್ಟಿ ಮಾಡಿದವನ ದೃಷ್ಟಿಯನ್ನು ಹಾಗೆಯೇ ಉಳಿಸಿಕೊಂಡು ಮಾಡುವ ಮರುಜೋಡಣೆ ಅಲಂಕಾರದ ಆಚೆಗೆ ಹೋಗುವುದಿಲ್ಲ. ಕಳೆದುಕೊಂಡವರೂ ಒಂದು ಪಟ್ಟಿ ಮಾಡಿದ್ದಾರೆ. ಅದು ಮೌಖಿಕ ಪರಂಪರೆಯಲ್ಲಿ ಉಳಿದಿದೆ. ಆ ಎರಡನೆಯ ಪಟ್ಟಿಯನ್ನು ಮೊದಲನೆಯದರ ಪಕ್ಕದಲ್ಲಿ ಹೇಗೆ ಇಡಬೇಕು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಉದಾಹರಣೆಗೆ 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊರಟ ಮತ್ತು ಅಲ್ಲಿಯೇ ಉಳಿದ ವಸ್ತುಗಳನ್ನು ಇಲ್ಲಿ ತೆಗೆದುಕೊಳ್ಳಲಾಗಿದೆ.

1799ರ ಮೇ 4ರಂದು ಜನರಲ್ ಹ್ಯಾರಿಸ್‌ನ ನೇತೃತ್ವದ ಸೈನ್ಯ ಶ್ರೀರಂಗಪಟ್ಟಣದ ಕೋಟೆಯನ್ನು ಹೊಕ್ಕಿತು. ಟಿಪ್ಪು ಸುಲ್ತಾನ್ ಅಂದೇ ಹೋರಾಡುತ್ತ ಮಡಿದ. ಮುತ್ತಿಗೆಯ ಮುಂಚೂಣಿಯಲ್ಲಿದ್ದ ಡೇವಿಡ್ ಬೈರ್ಡ್ 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿ ಇದೇ ಊರಿನ ಸೆರೆಮನೆಯಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಕಳೆದವನು. ಕೋಟೆ ಕೈವಶವಾದ ರಾತ್ರಿ ಸೈನಿಕರು ಊರನ್ನು ಮನಬಂದಂತೆ ದೋಚಿದರು. ಅದನ್ನು ತಡೆದ ಮೇಲೆ ಆರಂಭವಾದದ್ದು ನಿಯಮಬದ್ಧ ಲೂಟಿ. ಪ್ರೈಜ್ ಏಜೆಂಟರೆಂದು ಕರೆಯಲಾಗುತ್ತಿದ್ದ ಅಧಿಕಾರಿಗಳು ಅರಮನೆಯ ಸೊತ್ತನ್ನು ಲೆಕ್ಕ ಹಾಕಿ, ಹರಾಜು ಮಾಡಿ, ದರ್ಜೆಗೆ ತಕ್ಕಂತೆ ಹಂಚಿದರು. ಟಿಪ್ಪುವಿನ ಸಿಂಹಾಸನವನ್ನು ಒಡೆದದ್ದು ಈ ಹಂಚಿಕೆಗಾಗಿಯೇ. ಅದರ ಹುಲಿಯ ತಲೆ ಮತ್ತು ಮೇಲಿದ್ದ ಹುಮಾ ಪಕ್ಷಿ ಇಂಗ್ಲೆಂಡಿನ ಅರಸು ಮನೆತನದ ಸಂಗ್ರಹವನ್ನು ಸೇರಿದವು. ಅಂಚಿನ ಚಿಕ್ಕ ಹುಲಿತಲೆಗಳು ಬೇರೆ ಬೇರೆ ಮನೆಗಳಿಗೆ ಹೋದವು. ಸುಮಾರು ಎರಡು ಸಾವಿರ ಸಂಪುಟಗಳಿದ್ದ ಗ್ರಂಥಭಂಡಾರಕ್ಕೆ ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿ ವಿವರಣಾತ್ಮಕ ಸೂಚಿಯನ್ನೇ ಪ್ರಕಟಿಸಿದ. ಲೂಟಿ ಮತ್ತು ಪಾಂಡಿತ್ಯ ಎರಡೂ ಪಟ್ಟಿಯ ರೂಪದಲ್ಲಿಯೇ ನಡೆದವು ಎಂಬುದು ಗಮನಾರ್ಹ.

ಈ ವಿಜಯದ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಒಂದು ಪದಕವನ್ನು ಟಂಕಿಸಿತು. ಬರ್ಮಿಂಗ್‌ಹ್ಯಾಮ್‌ನ ಸೋಹೊ ಟಂಕಸಾಲೆಯಲ್ಲಿ ಕೂಕ್ಲರ್ ಎಂಬ ಕಲಾವಿದ ರೂಪಿಸಿದ ಆ ಪದಕದ ಒಂದು ಬದಿಯಲ್ಲಿ ಸಿಂಹ ಹುಲಿಯನ್ನು ಕೆಡವಿ ಹಿಡಿದಿದೆ; ಇನ್ನೊಂದು ಬದಿಯಲ್ಲಿ ಕೋಟೆಯ ಮುತ್ತಿಗೆಯ ದೃಶ್ಯ, ಕೆಳಗೆ ಪಾರ್ಸಿ ಬರಹ. ಚಿತ್ರ ಎಲ್ಲರಿಗೂ ಒಂದೇ, ಲೋಹ ಮಾತ್ರ ಬೇರೆ: ಅತ್ಯುನ್ನತರಿಗೆ ಚಿನ್ನ, ಅವರ ಕೆಳಗಿನವರಿಗೆ ಚಿನ್ನದ ಮುಲಾಮಿನ ಬೆಳ್ಳಿ, ಆಮೇಲೆ ಬೆಳ್ಳಿ, ಕಂಚು, ಕಟ್ಟಕಡೆಗೆ ಸಾಮಾನ್ಯ ಸೈನಿಕರಿಗೆ ಮತ್ತು ಸಿಪಾಯಿಗಳಿಗೆ ತವರ. ಪದಕಗಳ ಪೆಟ್ಟಿಗೆಯಲ್ಲಿ ಇವುಗಳನ್ನು ಲೋಹದ ಬೆಲೆಯ ಕ್ರಮದಲ್ಲಿ, ಚಿನ್ನವನ್ನು ಮೇಲಿಟ್ಟು ಜೋಡಿಸುವುದು ಸಂಗ್ರಾಹಕರ ವಾಡಿಕೆ. ನನ್ನ ದೃಷ್ಟಿಯಲ್ಲಿ ಇಲ್ಲಿ ಮಾತನಾಡಬೇಕಾದದ್ದು ತವರದ ಪದಕ. ಮದರಾಸು ಸೈನ್ಯದ ಸಿಪಾಯಿ, ಹೈದರಾಬಾದಿನ ನಿಜಾಮನ ತುಕಡಿಯ ಕಾಲಾಳು ಇಂಥವರಿಲ್ಲದೆ ಆ ಕೋಟೆ ಬೀಳುತ್ತಿರಲಿಲ್ಲ. ಗೋಡೆಯ ಒಳಗೂ ಹೊರಗೂ ಈ ನೆಲದವರೇ ಇದ್ದರು ಎಂಬ ಸಂಗತಿಯನ್ನು ಬ್ರಿಟಿಷರ ವಿಜಯಕಥನ ಹಿಂದಕ್ಕೆ ಸರಿಸಿತು. ನಮ್ಮ ವೀರಕಥನವೂ ಅದನ್ನು ಮುಂದಕ್ಕೆ ತರಲಿಲ್ಲ.

ಲಂಡನ್ನಿಗೆ ಹೋದ ವಸ್ತುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಟಿಪ್ಪುವಿನ ಹುಲಿ. ಯುರೋಪಿಯನ್ ಉಡುಪಿನ ಮನುಷ್ಯನ ಮೇಲೆ ಎರಗಿದ ಮರದ ಹುಲಿ, ಅದರ ಒಡಲಲ್ಲಿ ವಾದ್ಯ, ಹಿಡಿ ತಿರುಗಿಸಿದರೆ ಗರ್ಜನೆ ಮತ್ತು ನರಳಾಟ. 1808ರಿಂದ ಕಂಪನಿಯ ಕಚೇರಿಯಾದ ಈಸ್ಟ್ ಇಂಡಿಯಾ ಹೌಸಿನಲ್ಲಿ ಇದನ್ನು ಜನರ ನೋಟಕ್ಕೆ ಇಡಲಾಯಿತು. ಬಂದವರೆಲ್ಲ ಹಿಡಿ ತಿರುಗಿಸಿ ಸದ್ದು ಮಾಡಿಸುತ್ತಿದ್ದರಿಂದ ಅಲ್ಲಿಯ ಗ್ರಂಥಾಲಯದಲ್ಲಿ ಓದುತ್ತಿದ್ದವರು ಬೇಸತ್ತು ದೂರುತ್ತಿದ್ದರಂತೆ. 1879ರಲ್ಲಿ ಕಂಪನಿಯ ಹಳೆಯ ಸಂಗ್ರಹ ಚದುರಿದ ಮೇಲೆ ಹುಲಿ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯವನ್ನು ಸೇರಿತು. ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂಬ ಹೆಸರಿನ ಅದೇ ಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ಗೆದ್ದು ತಂದ ವಸ್ತು ಹೀಗೆ ಕಲಾವಸ್ತುವಾಯಿತು. ಮೊದಲು ಶತ್ರುವಿನ ಕ್ರೌರ್ಯಕ್ಕೆ ಸಾಕ್ಷಿಯಾಗಿ, ಆಮೇಲೆ ವಿನೋದದ ಆಟಿಕೆಯಾಗಿ, ಈಗ ಕುಶಲಕಲೆಯ ಮಾದರಿಯಾಗಿ ಒಂದೇ ವಸ್ತು ಮೂರು ಅರ್ಥ ಕೊಟ್ಟಿತು. ಪ್ರದರ್ಶನದ ಸನ್ನಿವೇಶವೇ ವಸ್ತುವಿನ ಅರ್ಥವನ್ನು ಕಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಬ್ರಿಟಿಷ್ ಸೈನ್ಯದ ಇತಿಹಾಸಕ್ಕೇ ಮೀಸಲಾದ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ 1960ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಚೆಲ್ಸಿಯ ಕಟ್ಟಡಕ್ಕೆ ಬಂದದ್ದು. ಅದನ್ನು 2014ರಲ್ಲಿ ಮುಚ್ಚಿ, ಎರಡು ಕೋಟಿ ಪೌಂಡುಗಳಿಗೂ ಹೆಚ್ಚು ವೆಚ್ಚದಲ್ಲಿ ಒಳಗಿನಿಂದ ಬದಲಾಯಿಸಿ 2017ರ ಮಾರ್ಚ್‌ನಲ್ಲಿ ಮತ್ತೆ ತೆರೆಯಲಾಯಿತು. ಶತಮಾನದಿಂದ ಶತಮಾನಕ್ಕೆ, ಯುದ್ಧದಿಂದ ಯುದ್ಧಕ್ಕೆ ನಡೆಸಿಕೊಂಡು ಹೋಗುತ್ತಿದ್ದ ಹಳೆಯ ಕಾಲಾನುಕ್ರಮವನ್ನು ಬಿಟ್ಟು ಸೈನಿಕ, ಸೈನ್ಯ, ಕದನ, ಸಮಾಜ ಮುಂತಾದ ವಿಷಯಗಳ ಪ್ರಕಾರ ವಸ್ತುಗಳನ್ನು ಜೋಡಿಸಿದ್ದು ಆ ಬದಲಾವಣೆಯ ತಿರುಳು. ಹಳೆಯ ಅಭಿಮಾನಿಗಳಲ್ಲಿ ಕೆಲವರು ಇದನ್ನು ಟೀಕಿಸಿದರು. ಕಾಲಾನುಕ್ರಮದ ಜೋಡಣೆ ತಾನಾಗಿಯೇ ಸಾಮ್ರಾಜ್ಯದ ಏರಿಕೆಯ ಕಥೆಯಾಗಿಬಿಡುತ್ತದೆ. ಅದನ್ನು ಮುರಿದದ್ದು ಒಳ್ಳೆಯದೇ. ಆದರೆ ವಿಷಯಾಧಾರಿತ ಜೋಡಣೆಗೆ ತನ್ನದೇ ಅಪಾಯವಿದೆ. ಶ್ರೀರಂಗಪಟ್ಟಣದ ಪದಕ ಸೈನಿಕ ಗೌರವಗಳ ಸಾಲಿಗೆ ಹೋದಾಗ, ಖಡ್ಗ ಆಯುಧಗಳ ಸಾಲಿಗೆ ಹೋದಾಗ, ಊರು ಕಾಣೆಯಾಗುತ್ತದೆ. ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ, ಗಂಜಾಮಿನ ಪೇಟೆ, ಅಲ್ಲಿ ಬದುಕು ನಡೆಸಿದ್ದ ಕಸುಬುದಾರರು ಯಾವ ವಿಷಯದ ಅಡಿಯಲ್ಲಿಯೂ ಬರುವುದಿಲ್ಲ.

ಊರಿನಲ್ಲಿಯೇ ಇರುವ ಸಂಗ್ರಹಾಲಯದ ಸ್ಥಿತಿ ಹೇಗಿದೆ? ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಬೇಸಗೆ ಅರಮನೆಯಲ್ಲಿ 1959ರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯವಿದೆ. 1799ರ ನಂತರ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇದನ್ನು ತನ್ನ ನಿವಾಸ ಮಾಡಿಕೊಂಡಿದ್ದ. ಒಳಗೆ ಟಿಪ್ಪುವಿನ ಮಕ್ಕಳ ಮತ್ತು ಸರದಾರರ ಭಾವಚಿತ್ರಗಳು, ಶಿಲಾಮುದ್ರಣಗಳು, ನಾಣ್ಯಗಳು, ಆಯುಧಗಳು ಇವೆ. ಇವುಗಳ ನಡುವೆ ಎದ್ದು ಕಾಣುವುದು ರಾಬರ್ಟ್ ಕರ್ ಪೋರ್ಟರ್‌ನ ಹೆಸರಿನಲ್ಲಿರುವ ಶ್ರೀರಂಗಪಟ್ಟಣದ ಮುತ್ತಿಗೆಯ ತೈಲಚಿತ್ರ. ಈ ಪೋರ್ಟರ್ 1800ರಲ್ಲಿ ಲಂಡನ್ನಿನ ಲೈಸಿಯಂನಲ್ಲಿ ಇದೇ ವಸ್ತುವಿನ ಬೃಹತ್ ಚಿತ್ರಪಟವನ್ನು ಪ್ರದರ್ಶಿಸಿ ಹೆಸರಾದವನು. ಸುಮಾರು 120 ಅಡಿ ಅಗಲದ ಅದನ್ನು ಬರೆದಾಗ ಅವನಿಗೆ ಇಪ್ಪತ್ತಮೂರರ ಆಸುಪಾಸಿನ ವಯಸ್ಸು. ಶ್ರೀರಂಗಪಟ್ಟಣವನ್ನು ಅವನು ಕಂಡಿರಲಿಲ್ಲ. ಮಡಿದ ಅರಸನ ತೋಟದ ಅರಮನೆಯಲ್ಲಿ ಅವನ ಸೋಲಿನ ಚಿತ್ರ, ಅದೂ ದೂರದಲ್ಲಿದ್ದು ಕೇಳಿ ತಿಳಿದು ಬರೆದವನ ಕಲ್ಪನೆ, ಘಟನೆಯ ಸಾಕ್ಷ್ಯವೆಂಬಂತೆ ನಿಂತಿದೆ.

ಹೊರಗೋಡೆಯ ಚಿತ್ರಗಳ ಕಥೆ ಇನ್ನೂ ಸ್ವಾರಸ್ಯದ್ದು. ಪಶ್ಚಿಮದ ಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಯುದ್ಧವಿದೆ. ಮೈಸೂರಿನ ಕುದುರೆ ಸವಾರರು ಸುತ್ತುಗಟ್ಟಿದ್ದಾರೆ, ಇಂಗ್ಲಿಷರ ಮದ್ದಿನ ಬಂಡಿ ಸಿಡಿಯುತ್ತಿದೆ, ಗಾಯಗೊಂಡ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಟಿಪ್ಪುವಿನ ಕಾಲದ ಚಿತ್ರವೆಂದೇ ಪ್ರವಾಸಿಗರು ಇದನ್ನು ನೋಡುತ್ತಾರೆ. ಆದರೆ ಈ ಚಿತ್ರ 1799ರ ಮುತ್ತಿಗೆಗೆ ಮೊದಲೇ ಹಾಳಾಗಿತ್ತು, ವೆಲ್ಲೆಸ್ಲಿ ಅದನ್ನು ಸರಿಪಡಿಸಿದ, ಆಮೇಲೆ ಸುಣ್ಣ ಬಳಿದು ಬಹುಮಟ್ಟಿಗೆ ಅಳಿಸಿಹೋಯಿತು, ಡಾಲ್‌ಹೌಸಿ ಮೈಸೂರಿಗೆ ಬಂದಾಗ ಮತ್ತೆ ಬರೆಸಲು ಆಜ್ಞೆ ಮಾಡಿದ ಎಂಬುದನ್ನು ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಬರೆದವನು ಮೂಲಚಿತ್ರದ ನೆನಪಿದ್ದ ಸ್ಥಳೀಯ ಚಿತ್ರಗಾರ. ಜಾನಪದ ಅಧ್ಯಯನದವರಿಗೆ ಈ ಸಂಗತಿ ಬಲು ಮುಖ್ಯ. ಬಾಯಿಂದ ಬಾಯಿಗೆ ಪಾಠ ಸಾಗುವಂತೆ ಇಲ್ಲಿ ಕಣ್ಣಿನ ನೆನಪಿನಿಂದ ಕೈಗೆ ಚಿತ್ರ ಸಾಗಿದೆ. ನಾವಿಂದು ನೋಡುತ್ತಿರುವುದು ಮೂಲಚಿತ್ರವನ್ನಲ್ಲ, ಅದರ ಒಂದು ಪಾಠವನ್ನು. ಇಂಗ್ಲಿಷರ ಸೋಲನ್ನು ಇಂಗ್ಲಿಷ್ ಗವರ್ನರ್ ಜನರಲ್‌ನೇ ಮತ್ತೆ ಬರೆಸಿದ ಎಂಬ ವಿಪರ್ಯಾಸ ಹಾಗಿರಲಿ. ಹೆಸರು ದಕ್ಕದ ಆ ಚಿತ್ರಗಾರನ ನೆನಪಿನ ಮೇಲೆ ಈ ಸ್ಮಾರಕದ ಪ್ರಸಿದ್ಧಿಯೆಲ್ಲ ನಿಂತಿದೆ ಎಂಬುದನ್ನು ಫಲಕದಲ್ಲಿ ಬರೆಯುವುದು ಮರುಜೋಡಣೆಯ ಮೊದಲ ಕೆಲಸವಾಗಬೇಕು. ಇದಕ್ಕೆ ಹಣವೂ ಹೆಚ್ಚು ಬೇಡ.

ಈಗ ಎರಡನೆಯ ಪಟ್ಟಿಯ ವಿಚಾರ. ಕಳೆದುಕೊಂಡವರ ಪಟ್ಟಿ ಹೇಗಿರುತ್ತದೆ ಎಂಬುದಕ್ಕೆ ಕನ್ನಡದಲ್ಲಿ ಅತ್ಯುತ್ತಮ ನಿದರ್ಶನ ದೊರೆಯುವುದು ಶ್ರೀರಂಗಪಟ್ಟಣದಿಂದ ದೂರದ ಉತ್ತರ ಕರ್ನಾಟಕದಲ್ಲಿ, ಅರ್ಧ ಶತಮಾನಕ್ಕೂ ಈಚಿನ ಒಂದು ಘಟನೆಯಲ್ಲಿ. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಕಂಪನಿಯ ದಂಡು ಊರನ್ನು ಸುಟ್ಟು ಸೂರೆ ಮಾಡಿತು, ಹಲವರನ್ನು ಗಲ್ಲಿಗೇರಿಸಿತು. ಈ ದಂಗೆಯ ಲಾವಣಿ ನಮ್ಮ ಪಠ್ಯಪುಸ್ತಕಗಳಿಗೂ ಬಂದಿರುವುದರಿಂದ ಓದುಗರಿಗೆ ಪರಿಚಿತವಾದದ್ದು. ಅದರಲ್ಲಿ ಜಡಗ, ಬಾಲರ ಪರಾಕ್ರಮದಷ್ಟೇ ಮುಖ್ಯವಾದ ಇನ್ನೊಂದು ಭಾಗವಿದೆ. ದಂಡಿನವರು ಏನೇನು ಒಯ್ದರು ಎಂದು ಲಾವಣಿಕಾರ ಲೆಕ್ಕ ಕೊಡುತ್ತಾನೆ. ಅಲ್ಲಿ ಬರುವುದು ರತ್ನಖಚಿತ ಖಡ್ಗವಲ್ಲ. ಕೊಡಲಿ, ಕಬ್ಬಿಣ, ಹಾಲು, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಸಿನ, ಅಕ್ಕಿ, ಬೆಲ್ಲ, ಉಣ್ಣುವ ತಟ್ಟೆ, ಹೆಂಗಸಿನ ಕೊರಳ ತಾಳಿ, ಕಡೆಗೆ ಬೀಸುವ ಕಲ್ಲು ಕೂಡ. ಪ್ರೈಜ್ ಏಜೆಂಟನ ಪಟ್ಟಿ ಬೆಲೆಯ ಕ್ರಮದಲ್ಲಿ ಸಾಗುತ್ತದೆ. ಲಾವಣಿಯ ಪಟ್ಟಿ ಮನೆಯ ಒಳಗೆ ಕಣ್ಣಾಡಿಸಿದ ಹಾಗೆ, ಒಲೆಯಿಂದ ಅಂಗಳಕ್ಕೆ, ಸಾಗುತ್ತದೆ. ಒಂದರಲ್ಲಿ ವಸ್ತುವಿಗೆ ಒಡೆಯ ಇನ್ನು ಮುಂದೆ ಬರುವವನು. ಇನ್ನೊಂದರಲ್ಲಿ ಒಡೆಯ ಈಗಾಗಲೇ ಇದ್ದವನು. ಯಾವ ಸೈನಿಕ ವಸ್ತುಸಂಗ್ರಹಾಲಯವೂ ಬೀಸುವ ಕಲ್ಲನ್ನು ಯುದ್ಧದ ವಸ್ತುವೆಂದು ಪರಿಗಣಿಸಿದ್ದನ್ನು ನಾನು ಕಂಡಿಲ್ಲ. ಹಲಗಲಿಯ ಲಾವಣಿಕಾರ ಪರಿಗಣಿಸಿದ್ದಾನೆ.

ಇಂಥ ಆಕರಗಳು ನಮಗೆ ಶುದ್ಧವಾಗಿ, ನೇರವಾಗಿ ಬಂದಿವೆ ಎಂದು ಭ್ರಮಿಸುವಂತಿಲ್ಲ. ಹಲಗಲಿ, ಸಂಗೊಳ್ಳಿ ರಾಯಣ್ಣ ಮೊದಲಾದವರ ಲಾವಣಿಗಳನ್ನು ಮೊದಲು ಸಂಗ್ರಹಿಸಿ 1885ರಿಂದ ಇಂಡಿಯನ್ ಆಂಟಿಕ್ವೆರಿಯಲ್ಲಿ ಪ್ರಕಟಿಸಿದವನು ಜೆ. ಎಫ್. ಫ್ಲೀಟ್, ಬ್ರಿಟಿಷ್ ಆಡಳಿತದ ಅಧಿಕಾರಿ. 1799ರ ದಂಡಯಾತ್ರೆಯಲ್ಲಿ ಎಂಜಿನಿಯರ್ ಆಗಿದ್ದ ಕಾಲಿನ್ ಮೆಕೆಂಜಿಯೇ ಮುಂದೆ ಮೈಸೂರು ಸೀಮೆಯ ಸರ್ವೆ ನಡೆಸುತ್ತ ಸ್ಥಳೀಯ ಸಹಾಯಕರ ಮೂಲಕ ಊರೂರಿನ ಕೈಫಿಯತ್ತುಗಳನ್ನು ಬರೆಸಿಕೊಂಡವನು. ಕೋಟೆಯ ಗೋಡೆ ಒಡೆಯಲು ನೆರವಾದ ವಿದ್ಯೆ ಮತ್ತು ಊರಿನ ನೆನಪನ್ನು ಉಳಿಸಿದ ವಿದ್ಯೆ ಒಬ್ಬನಲ್ಲೇ ಇದ್ದವು. ಹೀಗಾಗಿ ಮೌಖಿಕ ಆಕರವನ್ನು ಪ್ರದರ್ಶನಕ್ಕೆ ತರುವಾಗ ಯಾರು ಹಾಡಿದರು, ಯಾರು ಬರೆದುಕೊಂಡರು, ಯಾವಾಗ ಎಂಬುದೂ ಫಲಕದಲ್ಲಿರಬೇಕು. ಖಡ್ಗ ಕೊಟ್ಟ ದಾನಿಯ ಹೆಸರನ್ನು ತಪ್ಪದೆ ಬರೆಯುವ ಸಂಸ್ಥೆಗಳು ಹಾಡು ಕೊಟ್ಟವರನ್ನು ‘ಜನಪದರು’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಅನ್ಯಾಯ.

ಟಿಪ್ಪುವನ್ನು ಕುರಿತು ಹಳೆಯ ಮೈಸೂರು ಭಾಗದಲ್ಲಿ ಪ್ರಚಲಿತವಾದ ಲಾವಣಿಗಳು ಹೆಚ್ಚಾಗಿ ಮೀರ್ ಸಾದಕನ ದ್ರೋಹದ ಸುತ್ತ ತಿರುಗುತ್ತವೆ. ಸೈನಿಕ ಇತಿಹಾಸದ ಗ್ರಂಥಗಳಲ್ಲಿ ಕೋಟೆ ಬಿದ್ದದ್ದು ಫಿರಂಗಿಗಳು ವಾಯವ್ಯದ ಗೋಡೆಯಲ್ಲಿ ಮಾಡಿದ ಬಿರುಕಿನಿಂದ. ಲಾವಣಿಯಲ್ಲಿ ಅದು ಒಳಗಿನವನ ವಂಚನೆಯಿಂದ. ಆಡುಮಾತಿನಲ್ಲಿ ಇಂದಿಗೂ ಮೀರ್ ಸಾದಕ ಎಂದರೆ ದ್ರೋಹಿ ಎಂದೇ ಅರ್ಥ. ಇವುಗಳಲ್ಲಿ ಯಾವುದು ನಿಜ ಎಂದು ತೀರ್ಪು ಕೊಡುವುದು ಪ್ರದರ್ಶನದ ಕೆಲಸವಲ್ಲ. ದೊಡ್ಡ ಸೋಲನ್ನು ಒಂದು ಸಮಾಜ ತನಗೆ ತಾನೇ ಹೇಗೆ ವಿವರಿಸಿಕೊಂಡಿತು ಎಂಬುದೂ ಯುದ್ಧದ ಇತಿಹಾಸದ ಭಾಗ. ನಮ್ಮ ಕನ್ನಡ ಫಲಕಗಳಲ್ಲಿ ಬಳಕೆಯಾಗುವ ‘ಶ್ರೀರಂಗಪಟ್ಟಣದ ಪತನ’ ಎಂಬ ಮಾತು ಇಂಗ್ಲಿಷಿನಿಂದ ಇಳಿದದ್ದು. ಪತನವೆಂದಾಗ ಕೆಡವಿದವನೂ ಇಲ್ಲ, ವಂಚಿಸಿದವನೂ ಇಲ್ಲ. ಕೋಟೆ ತಾನಾಗಿ ಬಿದ್ದಂತಾಗುತ್ತದೆ. ಲಾವಣಿಕಾರನ ವಾಕ್ಯದಲ್ಲಿ ಕರ್ತೃ ಯಾವಾಗಲೂ ಇರುತ್ತಾನೆ. ಕನ್ನಡ ಫಲಕವನ್ನು ಅನುವಾದವಾಗಿಸದೆ ಕನ್ನಡದಲ್ಲಿಯೇ ಬರೆಯಬೇಕೆನ್ನುವುದಕ್ಕೆ ಇದೊಂದು ಕಾರಣ ಸಾಕು.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಜಾನಪದವನ್ನು ಹಿನ್ನೆಲೆ ಸಂಗೀತ ಮಾಡಿಬಿಡುವುದು ಪ್ರದರ್ಶನಗಳಲ್ಲಿ ಸಾಮಾನ್ಯ. ಡಪ್ಪಿನ ಸದ್ದು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಇನ್ನೊಂದು ಇದಕ್ಕಿಂತ ಗಂಭೀರವಾದದ್ದು. ಗೆದ್ದವರ ಹೆಮ್ಮೆಯನ್ನು ತೆಗೆದ ಜಾಗದಲ್ಲಿ ನಮ್ಮ ಹೆಮ್ಮೆಯನ್ನು ಕೂರಿಸಲು ಜಾನಪದವನ್ನು ಕರೆಯುವುದು. ಟಿಪ್ಪು ಜಯಂತಿಯನ್ನು ರಾಜ್ಯ ಸರ್ಕಾರ 2015ರಲ್ಲಿ ಆರಂಭಿಸಿ 2019ರಲ್ಲಿ ಕೈಬಿಟ್ಟ ನಡುವಿನ ವರ್ಷಗಳಲ್ಲಿ ನಡೆದ ವಾಗ್ವಾದವನ್ನು ಕಂಡವರಿಗೆ ಈ ಅಪಾಯವನ್ನು ವಿವರಿಸಬೇಕಿಲ್ಲ. ಎರಡೂ ಪಕ್ಷದವರು ಜನರ ನೆನಪನ್ನೇ ಸಾಕ್ಷಿಗೆ ಕರೆದರು; ತಮಗೆ ಬೇಕಾದಷ್ಟನ್ನು ಮಾತ್ರ ಕರೆದರು. ಜನಪದ ಸ್ಮೃತಿ ಏಕಸ್ವರದ್ದಲ್ಲ. ಲಾವಣಿ ಟಿಪ್ಪುವನ್ನು ವೀರನೆಂದು ಹಾಡುವ ಇದೇ ಸೀಮೆಯಲ್ಲಿ, ಶ್ರೀರಂಗಪಟ್ಟಣದಿಂದ ಬಹುದೂರವಲ್ಲದ ಮೇಲುಕೋಟೆಯ ಮಂಡಯಂ ಅಯ್ಯಂಗಾರರು ನರಕ ಚತುರ್ದಶಿಯ ಹಬ್ಬ ಮಾಡುವುದಿಲ್ಲ. ಆ ದಿನ ಟಿಪ್ಪುವಿನ ಆಜ್ಞೆಯಿಂದ ತಮ್ಮ ಪೂರ್ವಿಕರ ಹತ್ಯೆಯಾಯಿತೆಂಬ ನೆನಪು ಆ ಸಮುದಾಯದಲ್ಲಿ ತಲೆಮಾರುಗಳಿಂದ ಬಂದಿದೆ. ಕೊಡಗಿನ ನೆನಪುಗಳೂ ಬೇರೆ. ಘಟನೆಯ ವಿವರಗಳ ಬಗ್ಗೆ ಇತಿಹಾಸಕಾರರು ಚರ್ಚಿಸಲಿ. ಹಬ್ಬವನ್ನು ಆಚರಿಸದಿರುವುದು ಮಾತ್ರ ವರ್ಷವರ್ಷವೂ ನಡೆಯುವ ಆಚರಣೆ, ಜಾನಪದ ಅಧ್ಯಯನದ ವಸ್ತು. ಲಾವಣಿಗೆ ಜಾಗ ಕೊಡುವ ಪ್ರದರ್ಶನ ಈ ಮೌನಕ್ಕೂ ಜಾಗ ಕೊಡದಿದ್ದರೆ ಅದು ಪ್ರೈಜ್ ಏಜೆಂಟನಂತೆಯೇ ಆಯ್ದು ಬರೆದ ಪಟ್ಟಿಯಾಗುತ್ತದೆ. ಮೌನವನ್ನು ಹೇಗೆ ಪ್ರದರ್ಶಿಸುವುದು ಎಂಬುದು ಸುಲಭದ ಪ್ರಶ್ನೆಯಲ್ಲ. ಮೇಲುಕೋಟೆಯವರ ಮಾತಿನಲ್ಲಿಯೇ, ಅವರ ಒಪ್ಪಿಗೆಯಿಂದ ಬರೆದ ಒಂದು ಫಲಕದಿಂದ ಆರಂಭಿಸಬಹುದು.

ವಸ್ತುಗಳ ವಿಷಯದಲ್ಲಿ ನಮ್ಮ ಕೈ ಬರಿದಾಗಿಯೇನೂ ಇಲ್ಲ. ಮೈಸೂರು ಸೈನ್ಯದ ಕಬ್ಬಿಣದ ಕೊಳವೆಯ ರಾಕೆಟ್ಟುಗಳ ಒಂದೆರಡು ಮಾದರಿಗಳನ್ನು ನೋಡಲು ಬಹುಕಾಲ ಲಂಡನ್ನಿನ ವೂಲ್ವಿಚ್‌ನ ಫಿರಂಗಿದಳದ ವಸ್ತುಸಂಗ್ರಹಾಲಯಕ್ಕೆ ಹೋಗಬೇಕಿತ್ತು. ಆ ಸಂಗ್ರಹಾಲಯ 2016ರಲ್ಲಿ ಮುಚ್ಚಿತು. ಅಲ್ಲಿ ಅವು ಕಾಂಗ್ರೀವ್‌ನ ರಾಕೆಟ್ಟಿಗೆ ಪೂರ್ವಜರೆಂಬ ಕಾರಣಕ್ಕೆ ಮಾನ್ಯವಾಗಿದ್ದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಬಾವಿಯೊಂದರಲ್ಲಿ ಸುಮಾರು ಒಂದು ಸಾವಿರ ರಾಕೆಟ್ಟುಗಳು ಕೆಸರಿನಿಂದ ಎದ್ದು ಬಂದವು. ಒಂದೆರಡು ಇದ್ದಾಗ ಅದು ಅಪರೂಪದ ವಸ್ತು. ಸಾವಿರ ಸಿಕ್ಕಾಗ ಅದು ದುಡಿಮೆಯ ಲೆಕ್ಕ. ಅಷ್ಟು ಕೊಳವೆಗಳಿಗೆ ಕಬ್ಬಿಣ ಕರಗಿಸಿದವರು, ತಗಡು ಬಡಿದು ಸುತ್ತಿದ ಕಮ್ಮಾರರು, ಮದ್ದು ಅರೆದವರು, ಬಿದಿರು ಕಡಿದು ಕಟ್ಟಿದವರು ಯಾರು? ಈ ಕಸುಬುಗಳ ಪದಗಳು, ಹಾಡುಗಳು, ಕುಲಕಥೆಗಳು ಮಲೆನಾಡಿನಲ್ಲೂ ಬಯಲಿನಲ್ಲೂ ಇನ್ನೂ ಸಂಗ್ರಹವಾಗಬೇಕಾಗಿವೆ. ರಾಕೆಟ್ಟಿನ ಪಕ್ಕದಲ್ಲಿ ಕಾಂಗ್ರೀವ್‌ನ ಚಿತ್ರ ಹಾಕುವ ಮೊದಲು ತಿದಿ, ಇಕ್ಕಳ, ಅಡಿಗಲ್ಲುಗಳನ್ನು ಇಡುವುದು ಯೋಗ್ಯ.

ದರಿಯಾ ದೌಲತ್ ಸಂರಕ್ಷಿತ ಸ್ಮಾರಕವಾದ್ದರಿಂದ ಅದರ ಗೋಡೆಗಳಿಗೆ ಹೊಸ ಭಾರ ಹೇರುವುದು ಸಲ್ಲದು. ಮರದ ಕಂಬಗಳ ನಡುವಿನ ಆ ಹಜಾರದಲ್ಲಿ ಧ್ವನಿವರ್ಧಕ ಹಚ್ಚುವುದಂತೂ ಬೇಡವೇ ಬೇಡ. ಅರಮನೆಯ ಒಳಗೆ ಚಿತ್ರಗಳಿಗೂ ಅವುಗಳ ಮರುಬರವಣಿಗೆಯ ಚರಿತ್ರೆಗೂ ಮಾತ್ರ ಜಾಗ ಉಳಿಸಿ, ಆಯುಧ, ಪದಕ, ನಾಣ್ಯಗಳನ್ನು ತೋಟದ ಎಲ್ಲೆಯ ಹೊರಗೆ ಪ್ರತ್ಯೇಕ ಕಟ್ಟಡಕ್ಕೆ ಒಯ್ಯುವುದು ಸಾಧುವಾದ ಕ್ರಮ. ಅಲ್ಲಿ ಎರಡು ಪಟ್ಟಿಗಳನ್ನು ಎದುರುಬದುರಾಗಿ ಇಡಬಹುದು: ಒಂದು ಕಡೆ 1799ರ ಹಂಚಿಕೆಯ ದಾಖಲೆಗಳ ಪ್ರತಿಗಳು ಮತ್ತು ಐದು ಲೋಹದ ಪದಕಗಳು, ಇನ್ನೊಂದು ಕಡೆ ಲಾವಣಿಗಳ ಧ್ವನಿಮುದ್ರಣ, ಪಾಠಾಂತರಗಳೊಡನೆ ಅಚ್ಚಾದ ಪಠ್ಯ, ಹಾಡಿದವರ ಹೆಸರು ಮತ್ತು ಊರು. ಕೇಂದ್ರದ ಪುರಾತತ್ವ ಇಲಾಖೆ, ರಾಜ್ಯದ ಪುರಾತತ್ವ ಇಲಾಖೆ ಮತ್ತು ಜಾನಪದ ಸಂಗ್ರಹಗಳನ್ನು ಇಟ್ಟುಕೊಂಡಿರುವ ವಿಶ್ವವಿದ್ಯಾನಿಲಯಗಳು ಒಂದೆಡೆ ಕೂಡಿ ಮಾಡಬೇಕಾದ ಕೆಲಸವಿದು. ಧ್ವನಿಮುದ್ರಣದ ಭಾಗವನ್ನು ಮೊದಲು ಕೈಗೆತ್ತಿಕೊಳ್ಳಬೇಕು. ಕಟ್ಟಡ ಹತ್ತು ವರ್ಷ ತಡವಾದರೂ ಖಡ್ಗಗಳು ಪೆಟ್ಟಿಗೆಯಲ್ಲಿ ಹಾಗೆಯೇ ಇರುತ್ತವೆ; ಇಡೀ ಲಾವಣಿಯನ್ನು ಬಾಯಿಪಾಠವಾಗಿ ಬಲ್ಲ ಹಾಡುಗಾರರು ಈಗಾಗಲೇ ಮುಪ್ಪಿನವರು.